ನಾಲ್ಕನೆಯ ಕಟ್ಟಿಗೆ ಬಿಟ್ಟ ಜಾಗ

ಮೈದಾ ಹಿಟ್ಟಿಗೆ ಚಿಟಿಕೆ ಮೈಲುತುತ್ತ ಹಾಕಿ ಕುದಿಸಿದ ಅಂಟಿನ ವಾಸನೆ ಎಲ್ಲಿಂದಾದರೂ ತೇಲಿ ಬಂದರೆ ನಾನು ಈಗಲೂ ನಿಂತಲ್ಲೇ ನಿಲ್ಲುತ್ತೇನೆ. ಆ ವಾಸನೆಯ ಹಿಂದೆಯೇ ನಮ್ಮ ಮನೆಯ ಪಡಸಾಲೆ ಬರುತ್ತದೆ, ಕಂಬಕ್ಕೆ ಒರಗಿ ಕಾಲು ಚಾಚಿ ಕೂತ ಅಪ್ಪನ ತಂಗಿ ನೀಲತ್ತಿ ಬರುತ್ತಾಳೆ, ಮಂಡಿಯ ಮೇಲೆ ಪುಸ್ತಕ ಇಟ್ಟುಕೊಂಡ ಮಾಣಿಕಪ್ಪ ಕಾಕಾ ಬರುತ್ತಾರೆ. ಆಗ ನಮ್ಮೂರು ಬರೀ ಕಲ್ಯಾಣಿ, ಬಸವಕಲ್ಯಾಣವಾದದ್ದು ಆಮೇಲೆ. ಸರ್ಕಾರದ ಸಣ್ಣ ನೆರವಿನಲ್ಲಿ ನಡೆಯುತ್ತಿದ್ದ ವಾಚನಾಲಯವನ್ನು ಕಾಕಾ ನೋಡಿಕೊಳ್ಳುತ್ತಿದ್ದರು. ಒಂಟಿ ಮನುಷ್ಯ, ಮನೆಯಲ್ಲಿ ಒಲೆ ಹೊತ್ತಿಸುವವರಿರಲಿಲ್ಲ. ಪುಸ್ತಕಕ್ಕೆ ಹಾಕುವ ಅಂಟು ಕುದಿಸಲು ನಮ್ಮಲ್ಲಿಗೇ ಬರುತ್ತಿದ್ದರು. ಅದು ಆರುವವರೆಗೆ ಅತ್ತಿಯ ಮುಂದೆ ಓದಿ ಹೇಳುತ್ತಿದ್ದರು. ಶಾಲೆಯಲ್ಲಿ ಉರ್ದು ನಡೆಯುತ್ತಿದ್ದ ಕಾಲ ಅದು, ನಾನಂತೂ ಶಾಲೆಯ ಮೆಟ್ಟಿಲನ್ನೇ ಹತ್ತಿರಲಿಲ್ಲ. ನಾವು ಮಾತಾಡುವ ಕನ್ನಡ ಕಾಗದದ ಮೇಲೂ ಇರುತ್ತದೆಂದು ನನಗೆ ತಿಳಿದದ್ದು ಕಾಕಾ ಓದಿದ್ದು ಕೇಳಿ.

ಪುಸ್ತಕ ಕಡಿಮೆ, ಕೇಳುವವರು ಬಹಳ. ಅದಕ್ಕೇ ಕಾಕಾ ದಪ್ಪ ಪುಸ್ತಕದ ಹೊಲಿಗೆ ಬಿಚ್ಚಿ ನಾಲ್ಕು ಕಟ್ಟು ಮಾಡುತ್ತಿದ್ದರು. ಒಂದೊಂದು ಕಟ್ಟು ಮನೆಯಿಂದ ಮನೆಗೆ ತಿರುಗಿ, ಸಂತೆಯ ಬಂಡಿಯಲ್ಲಿ ಹುಮನಾಬಾದಿನ ವಾಚನಾಲಯಕ್ಕೂ ಹೋಗಿ ಬರುತ್ತಿತ್ತು. ಎಲ್ಲರದೂ ಮುಗಿದ ಮೇಲೆ ಮತ್ತೆ ಹೊಲಿದು, ಅಂಟು ಸವರಿ, ರಟ್ಟು ಹಾಕುವುದು. ಆ ಸಲ ಓದುತ್ತಿದ್ದದ್ದು, ಗಂಡ ಬಿಟ್ಟ ಹೆಣ್ಣೊಬ್ಬಳು ತವರಿಗೆ ನಡೆದು ಹೊರಟ ಕಥೆ. ಬಾವಿಕಟ್ಟೆಯಿಂದ ಬಿದ್ದು ಅತ್ತಿಯ ಕಾಲು ಹೋದಾಗ ಅವಳ ಗಂಡನೂ ಅವಳನ್ನು ಬಂಡಿಯಲ್ಲಿ ತಂದು ನಮ್ಮ ಬಾಗಿಲಲ್ಲಿ ಇಳಿಸಿ ಹೋಗಿದ್ದ. ಅದರ ಮಾತು ಅವಳು ಎಂದೂ ಎತ್ತುತ್ತಿರಲಿಲ್ಲ. ಕಥೆಯ ಮಾತು ಮಾತ್ರ ಎತ್ತುತ್ತಿದ್ದಳು.

“ಎಷ್ಟ್ ದಿನದಿಂದ ನಡ್ಯಾಕತ್ತಾಳ್ರಿ ಆಕಿ! ಲಗೂ ಓದ್ರಿ ಕಾಕಾ.”

“ಆಕಿ ಕಾಲಾಗ ಮುಳ್ಳ ಮುರದಾವ. ನಿನಗ್ಯಾಕ ನೀಲವ್ವಾ ಅವಸರ?”

“ನನ್ನ ಕಾಲಂತೂ ಹ್ವಾದ್ವು. ಆಕೀವಾದ್ರೂ ನಡೀಲಿ.”

ಮೂರನೆಯ ಕಟ್ಟು ಮುಗಿದಾಗ ಆ ಹೆಣ್ಣು ತುಂಬಿ ಹರಿಯುವ ಹೊಳೆಯ ದಂಡೆಯಲ್ಲಿ ನಿಂತಿದ್ದಳು. ನಾಲ್ಕನೆಯದನ್ನು ತಮಗೆ ಮೊದಲು ಕಳಿಸಬೇಕೆಂದು ಹುಮನಾಬಾದಿನ ಮಾಸ್ತರರೊಬ್ಬರು ಹೇಳಿ ಕಳಿಸಿದ್ದರು. ಅದನ್ನು ತಾವೂ ಇನ್ನೂ ಓದಿರದ ಕಾಕಾ ಅತ್ತಿಯನ್ನೇ ಕೇಳಿದರು.

“ಕಳಸ್ರಿ, ಅವರೇ ಮೊದಲ ಓದ್ಲಿ,” ಎಂದು ಅತ್ತಿ ನಕ್ಕಳು. “ನಾ ಎಲ್ಲಿ ಹೊಂಟೀನಿ?”

ಅವು ಲಡಾಯಿಯ, ಅಂದರೆ ಎರಡನೇ ಮಹಾಯುದ್ಧದ ದಿನಗಳು. ಸರ್ಕಾರ ನೆರವು ಇಳಿಸಿತು. ಮೊದಲು ಪತ್ರಿಕೆ ನಿಂತಿತು. ಆಮೇಲೆ ದಿನವೂ ತೆರೆಯುತ್ತಿದ್ದ ಬಾಗಿಲು ವಾರಕ್ಕೊಮ್ಮೆ ತೆರೆಯತೊಡಗಿತು. ಅಷ್ಟರಲ್ಲಿ ಹುಮನಾಬಾದಿನ ವಾಚನಾಲಯಕ್ಕೆ ಬೀಗವೇ ಬಿತ್ತೆಂದು ಸುದ್ದಿ ಬಂತು. ಕಾಕಾ ಬಂಡಿ ಹತ್ತಿ ಹೋದರು. ಮಾಸ್ತರರು ಕಟ್ಟನ್ನು ಒಪ್ಪಿಸಿ ಬೇರೆ ಊರಿಗೆ ವರ್ಗವಾಗಿ ಹೋಗಿದ್ದರು. ಕಪಾಟಿನ ಗಾಜಿನ ಹಿಂದೆ ಕಟ್ಟು ಕಣ್ಣಿಗೆ ಕಾಣುತ್ತಿತ್ತಂತೆ. ಬೀಗದ ಮೇಲೆ ಅರಗಿನ ಮುದ್ರೆ. ಹುಕುಂ ಇಲ್ಲದೆ ತೆಗೆಯುವಂತಿಲ್ಲ ಎಂದನಂತೆ ಕಾವಲಿನವನು. ಇದನ್ನೆಲ್ಲ ಅವರು ಅಂಗಳದಲ್ಲಿ ಅಪ್ಪನಿಗೆ ಮೆಲ್ಲಗೆ ಹೇಳಿ, ಕಾಲು ತೊಳೆದು ಒಳಗೆ ಬಂದರು.

“ಮುಟ್ಟಿದಳೇನ್ರಿ ಆಕಿ?” ಎಂದಳು ಅತ್ತಿ.

“ಮುಟ್ಟಿದಳವಾ. ಹೊಳಿ ಇಳೀತು. ಅವ್ವ ಬಾಗಿಲದಾಗೇ ನಿಂತಿದ್ದಳು.”

“ಕಾಕಾ,” ಎಂದಳು ಅತ್ತಿ, “ಆಕಿ ಅವ್ವ ಎರಡನೇ ಕಟ್ಟಿನ್ಯಾಗೇ ಸತ್ತಾಳಲ್ರಿ.”

ಕಾಕಾ ಟವೆಲಿನಿಂದ ಮುಖ ಒರೆಸಿಕೊಂಡರು. ಅಂಟಿಸುವುದೇನೂ ಇರಲಿಲ್ಲ, ಆದರೂ ಒಲೆಯ ಮುಂದೆ ಕೂತು ಅಂಟು ಕುದಿಸಿದರು.

ಮುಂದೆ ಕಲ್ಯಾಣಿಯ ವಾಚನಾಲಯವೂ ಮುಚ್ಚಿತು. ಕೀಲಿಕೈ ಒಪ್ಪಿಸುವ ಮೊದಲು ಕಾಕಾ ಆ ಮೂರು ಕಟ್ಟುಗಳನ್ನು ಸೇರಿಸಿ ರಟ್ಟು ಹಾಕಿ ಅತ್ತಿಯ ಕೈಗೆ ತಂದುಕೊಟ್ಟರು. ಪುಸ್ತಕದ ಬೆನ್ನಿನ ಅಗಲ ನಾಲ್ಕು ಕಟ್ಟಿಗೆ ಸಾಲುವಷ್ಟು ಬಿಟ್ಟಿದ್ದರು. ಅತ್ತಿ ಅದನ್ನು ತಲೆದಿಂಬಿನ ಕೆಳಗೆ ಇಟ್ಟುಕೊಂಡೇ ಹೋದಳು. ಕಾಕಾರೂ ಹೆಚ್ಚು ದಿನ ಉಳಿಯಲಿಲ್ಲ. ನಾನು ಅಕ್ಷರ ಕಲಿತದ್ದು ಮೀಸೆ ಬಂದ ಮೇಲೆ, ಓದಿ ಹೇಳಲು ಮನೆಯಲ್ಲಿ ಯಾರೂ ಇಲ್ಲದಾಗ.

ಪಡಸಾಲೆ ಬಿದ್ದು ಎಷ್ಟೋ ವರ್ಷವಾಯಿತು. ಪುಸ್ತಕ ನನ್ನ ಹತ್ತಿರ ಇದೆ. ಕಡೆಯ ಪುಟದಲ್ಲಿ ಆ ಹೆಣ್ಣು ಇನ್ನೂ ಹೊಳೆಯ ದಂಡೆಯಲ್ಲೇ ನಿಂತಿದ್ದಾಳೆ. ಅಲ್ಲಿಂದ ಮುಂದೆ ಬೆರಳಗಲದ ಖಾಲಿ ಜಾಗ. ಕೈ ಇಟ್ಟರೆ ರಟ್ಟು ಮೆಲ್ಲಗೆ ಒಳಕ್ಕೆ ಕುಸಿಯುತ್ತದೆ.