ಜೈರಾಮನ ಕಾರ್ಡಿನಲ್ಲಿ ಓದಿದವಳು

೨೦೨೫ ಏಪ್ರಿಲ್ ೧೨, ಶನಿವಾರ. ಬೆಳಿಗ್ಗೆ ಮೋಡವಿರಲಿಲ್ಲ. ಹನ್ನೊಂದರ ಹೊತ್ತಿಗೆ ಗಾಳಿ ನಿಂತು ಸೆಕೆ ಹೆಚ್ಚಿತು. ಮೂರೂವರೆಗೆ ದಾಂಡೇಲಿಯ ಕಡೆಯಿಂದ ಗುಡುಗು ಕೇಳಿಸಿತು, ಮಳೆ ಬರಲಿಲ್ಲ.

ಅಂದು ಬೆಳಿಗ್ಗೆ ದ್ವಾರಕಾಬಾಯಿ ಅಂಗಳದಲ್ಲಿ ಹಳೆಯ ಧೋತರ ಹಾಸಿ, ಅದರ ಮೇಲೆ ಶ್ಯಾವಿಗೆ ಒಣಹಾಕಿ, ಪಕ್ಕದಲ್ಲಿ ಕಾಗೆ ಕಾಯುತ್ತ ಪುಸ್ತಕ ಓದುತ್ತಿದ್ದಳು. ಡೇರಿಗೆ ಹಾಲು ಹಾಕಿ ಬಂದ ಗಂಡ ಜೈರಾಮ ಸೈಕಲ್ಲಿನಿಂದ ಇಳಿಯುವ ಮೊದಲೇ ಸುದ್ದಿ ಹೇಳಿದ. ಊರಿನ ಗ್ರಂಥಾಲಯದಲ್ಲಿ ನಾಳೆ ಬೇಸಿಗೆ ಓದಿನ ಕಾರ್ಯಕ್ರಮ. ಎರವಲು ಪುಸ್ತಕಗಳ ದಾಖಲೆ ತಿರುವಿ ನೋಡಿದರೆ, ಎಲ್ಲರಿಗಿಂತ ಹೆಚ್ಚು ಪುಸ್ತಕ ಒಯ್ದವನು ಜೈರಾಮ: ಹನ್ನೊಂದು ವರ್ಷಗಳಲ್ಲಿ ಆರುನೂರ ನಲವತ್ತೆರಡು. ಅವನಿಗೊಂದು ಶಾಲು ಹೊದಿಸುತ್ತಾರೆ. ಅವನು ಮೆಚ್ಚಿದ ಐದು ಪುಸ್ತಕಗಳ ಪಟ್ಟಿ, ಅವನ ಹೆಸರಿನ ಕೆಳಗೆ, ಹೊರಗಿನ ಕರಿಹಲಗೆಯ ಮೇಲೆ ಬೇಸಿಗೆಯುದ್ದಕ್ಕೂ ಇರುತ್ತದೆ.

"ಐದು ಹೆಸರು ಹೇಳಿಬಿಡು. ಸಂಜಿ ಐದರೊಳಗ ಕೊಡಬೇಕಂತ," ಎಂದ.

ದ್ವಾರಕಾಬಾಯಿ ಓದುತ್ತಿದ್ದ ಸಾಲಿಗೆ ಬೆರಳಿಟ್ಟು ಮೇಲೆ ನೋಡಿದಳು. "ಯಾರ ಹೆಸರಿನಾಗ?"

"ಕಾರ್ಡು ನಂದ ಅಲ್ಲೇನು?"

ಕಾರ್ಡು ಅವನದೇ, ಸುಳ್ಳಲ್ಲ. ಆದರೆ ಜೈರಾಮ ತನ್ನ ಜೀವಮಾನದಲ್ಲಿ ಒಂದು ಪುಸ್ತಕವನ್ನೂ ಓದಿದವನಲ್ಲ. ಓದಿದವಳು ಅವಳು. ಮನೆಮಾತು ಮರಾಠಿ, ಕಲಿತದ್ದು ಮರಾಠಿ ಶಾಲೆಯಲ್ಲಿ ನಾಲ್ಕನೆಯ ಇಯತ್ತೆಯವರೆಗೆ. ಕನ್ನಡದ ಅಕ್ಷರಗಳನ್ನು ಮಗಳು ಸುಮನ ಒಂದನೆಯ ತರಗತಿಗೆ ಹೋಗುತ್ತಿದ್ದಾಗ ಅವಳು ಅಕ್ಷರ ತಿದ್ದುವ ಪಾಟಿಯ ಪಕ್ಕ ಕುಳಿತು ಕಲಿತಳು. ಕಬ್ಬಿನ ಕೆಲಸ ಮುಗಿಸಿ ಮನೆಗೆ ಬರುವಷ್ಟರಲ್ಲಿ ಗ್ರಂಥಾಲಯ ಮುಚ್ಚಿರುತ್ತಿತ್ತು. ಡೇರಿಯ ದಾರಿಯಲ್ಲೇ ಗ್ರಂಥಾಲಯವಿದ್ದುದರಿಂದ ಅವಳು ಬರೆದುಕೊಟ್ಟ ಚೀಟಿ ಹಿಡಿದು ಜೈರಾಮ ಹೋಗುತ್ತಿದ್ದ, ಹಾಲಿನ ಕ್ಯಾನಿನ ಜೊತೆ ಪುಸ್ತಕ ನೇತುಹಾಕಿಕೊಂಡು ಬರುತ್ತಿದ್ದ. ಕಾರ್ಡು ಮಾಡಿಸುವಾಗ ಫೋಟೊ ಕೇಳಿದ್ದರು. ಮನೆಯಲ್ಲಿ ಇದ್ದದ್ದು ಅವನ ಬ್ಯಾಂಕ್ ಖಾತೆಗೆಂದು ತೆಗೆಸಿ ಉಳಿದ ಒಂದು ಫೋಟೊ. "ಯಾರದಾದರೇನು, ಪುಸ್ತಕ ಮನಿಗೆ ಬಂದ್ರ ಸಾಕು," ಎಂದು ಆಗ ಹೇಳಿದವಳು ಅವಳೇ. ಈ ಸಂಗತಿ ಬಲ್ಲ ಹಳೆಯ ಗ್ರಂಥಪಾಲಕರು ಡಿಸೆಂಬರಿನಲ್ಲಿ ನಿವೃತ್ತರಾಗಿದ್ದರು. ಹೊಸದಾಗಿ ಬಂದ ಸುನಂದಾ ದಾಖಲೆಯನ್ನು ನಂಬಿದ್ದಳು.

"ಒಂದ ದಿವಸದ ಮಾತು," ಎಂದ ಜೈರಾಮ. ಚಹಾದ ಅಂಗಡಿಯಲ್ಲಿ ನಾಲ್ಕು ಮಂದಿಗೆ ಆಗಲೇ ಹೇಳಿ ಬಂದಿದ್ದ. "ನನಗ ಯಾರು ಶಾಲು ಹಾಕ್ಯಾರು ಇಲ್ಲೀತನಕ?"

"ಹನ್ನೊಂದು ವರ್ಷ ನಿಮ್ಮ ಹೆಸರಿನಾಗ ಓದೇನಿ. ಆ ಒಂದ ದಿವಸ ನನಗ ಬೇಕು."

ಪಕ್ಕದ ಮನೆಯ ಮಹಾದೇವಕ್ಕನ ಕೈಗೆ ಕಾಗೆ ಓಡಿಸುವ ಕೋಲು ಕೊಟ್ಟು ಅವಳು ಹೊರಟಳು. ಜೈರಾಮ ಸೈಕಲ್ಲು ತಳ್ಳುತ್ತ ಹಿಂದೆ ಬಂದ.

ಗ್ರಂಥಾಲಯದಲ್ಲಿ ಸುನಂದಾಳ ಜೊತೆ ಸಮಿತಿಯ ಹಿರಿಯರಾದ ನಿವೃತ್ತ ಮಾಸ್ತರ ಶಿವಲಿಂಗಪ್ಪನವರಿದ್ದರು. ಹಲಗೆಯ ಮೇಲೆ ಜೈರಾಮನ ಹೆಸರು ಬರೆದಾಗಿತ್ತು. ಕೆಳಗೆ ಒಂದರಿಂದ ಐದರವರೆಗೆ ಅಂಕಿಗಳು, ಮುಂದೆ ಖಾಲಿ.

"ಪಟ್ಟಿ ತಂದೀಯೇನೋ ಜೈರಾಮ?" ಎಂದರು ಮಾಸ್ತರರು.

"ಪಟ್ಟಿ ಇಕಿ ತಲಿಯಾಗ ಐತ್ರಿ," ಎಂದ ಜೈರಾಮ. ಎದುರಿಗೆ ಕೇಳಿದರೆ ಅವನು ಸುಳ್ಳು ಹೇಳಬಲ್ಲವನಲ್ಲ.

ನಡೆದದ್ದನ್ನು ದ್ವಾರಕಾಬಾಯಿ ನಿಂತಲ್ಲೇ ಹೇಳಿದಳು. ಮಾಸ್ತರರು ಕನ್ನಡಕ ತೆಗೆದು ಒರೆಸಿದರು. "ಹಂಗಾದ್ರ ನೀ ಓದೀದಿ ಅನ್ನಾಕ ಸಾಕ್ಷಿ ಏನು, ಬಾಯಿ? ರಜಿಸ್ಟರ್ ಅಂತೂ ಇವನ ಹೆಸರು ಹೇಳತೈತಿ."

"ಯಾವುದಾರ ಒಂದು ಪುಸ್ತಕ ತೆಗೀರಿ."

ಸುನಂದಾ ಕಪಾಟಿನಿಂದ ನೀಲಿ ರಟ್ಟಿನದೊಂದನ್ನು ಎಳೆದಳು. ದ್ವಾರಕಾಬಾಯಿ ದೂರದಿಂದಲೇ ಹೇಳಿದಳು: "ಅಂಬಿಗರ ಹೆಂಗಸಿನ ಕಥಿ. ಗಂಡ ಸತ್ತ ಮ್ಯಾಲ ದೋಣಿ ಮಾರಂಗಿಲ್ಲ ಅಂತ ಹಟ ಹಿಡೀತಾಳ. ನಡುವ ನಾಲ್ಕು ಹಾಳಿ ಹರದಾವು. ನಾ ಹರದಿಲ್ಲ. ಆ ನಾಲ್ಕು ಹಾಳ್ಯಾಗ ಏನಾಗಿರಬೇಕು ಅಂತ ಎರಡು ಬ್ಯಾಸಿಗಿ ವಿಚಾರ ಮಾಡೇನಿ."

ಸುನಂದಾ ಪುಟ ತಿರುವಿದಳು. ನಾಲ್ಕು ಹಾಳೆ ಇರಲಿಲ್ಲ.

"ಸರಿ, ಹಿಂಗ ಮಾಡೂಣು," ಎಂದರು ಮಾಸ್ತರರು. "ಹೆಸರು ಇವನದ ಇರಲಿ. ಕೆಳಗ ಸಣ್ಣಕ್ಷರದಾಗ 'ಧರ್ಮಪತ್ನಿಯ ಸಹಕಾರದೊಂದಿಗೆ' ಅಂತ ಬರಸ್ತೇನಿ."

"ನಾ ಸಹಕಾರ ಮಾಡಿಲ್ಲರೀ. ಓದೇನಿ."

"ಸದಸ್ಯರಲ್ಲದವರು ಪಟ್ಟಿ ಕೊಡೂ ಪದ್ಧತಿ ಇಲ್ಲ. ನೀ ಕೊಡದಿದ್ರ ನಾನ ಐದು ಪುಸ್ತಕ ಬರೀತೇನಿ. ಹಲಗಿ ಅಂತೂ ಖಾಲಿ ಉಳಿಯಂಗಿಲ್ಲ."

"ಬರೀರಿ ಸರ್. ಹೋದ ವರ್ಷದ ಪಟ್ಟಿನೂ ನೀವ ಬರದಿದ್ರಿ. ಆ ಪುಸ್ತಕ ಎಷ್ಟು ಮಂದಿ ಒಯ್ದಾರ, ಅದನ್ನೂ ರಜಿಸ್ಟರ್ ಹೇಳತೈತಿ."

ಸುನಂದಾ ರಜಿಸ್ಟರಿನ ಮೇಲೆ ಕೈಯಿಟ್ಟಳು, ತೆರೆಯಲಿಲ್ಲ. ಅವಳಿಗೆ ಆ ಲೆಕ್ಕ ಗೊತ್ತಿತ್ತು: ಒಬ್ಬರೂ ಒಯ್ದಿರಲಿಲ್ಲ.

"ಸದಸ್ಯತ್ವಕ್ಕ ಎರಡು ಫೋಟೊ, ಆಧಾರ್ ಕಾರ್ಡಿನ ಪ್ರತಿ, ಇಪ್ಪತ್ತು ರೂಪಾಯಿ ಠೇವಣಿ," ಎಂದಳು ಆಕೆ, ಮಾಸ್ತರರ ಕಡೆ ನೋಡದೆ. "ಐದರ ತನಕ ತಗೊಂಡು ಬಂದ್ರ ಇವತ್ತ ಕಾರ್ಡು ಕೊಡತೇನಿ. ನಾ ಇಲ್ಲೇ ಇರತೇನಿ."

ಊರಿನಲ್ಲಿ ಫೋಟೊ ತೆಗೆಯುವವರಿಲ್ಲ. ಹಳಿಯಾಳದ ಬಸ್ಸು ಒಂದೂವರೆಗೆ. ದ್ವಾರಕಾಬಾಯಿ ಒಬ್ಬಳೇ ಹೋದಳು. ಸ್ಟುಡಿಯೋದ ಹುಡುಗಿ "ಸ್ವಲ್ಪ ನಗ್ರಿ ಕಾಕೂ" ಎಂದಾಗ, "ನಗೂ ಕೆಲಸ ಇನ್ನೂ ಆಗಿಲ್ಲ, ಹಂಗ ತೆಗಿ" ಎಂದಳು. ಮರಳುವ ಬಸ್ಸು ತಡವಾಯಿತು. ನಾಲ್ಕು ಐವತ್ತಕ್ಕೆ ಅವಳು ಗ್ರಂಥಾಲಯದ ಮೆಟ್ಟಿಲು ಹತ್ತಿದಾಗ ಜೈರಾಮ ಕಟ್ಟೆಯ ಮೇಲೆ ಕುಳಿತಿದ್ದ. ಹಲಗೆಯ ಮೇಲೆ ಹೆಸರಿರಲಿಲ್ಲ. ಒರೆಸಿದವನು ಅವನೇ ಎಂದು ಅವನ ತೋಳಿನ ಬಿಳಿ ಪುಡಿ ಹೇಳುತ್ತಿತ್ತು.

ಕಾರ್ಡಿಗೆ ಸಹಿ ಮಾಡಿ ಅವಳು ಸೀಮೆಸುಣ್ಣ ತೆಗೆದುಕೊಂಡಳು. ದ್ವಾರಕಾಬಾಯಿ ಎಂದು ದೊಡ್ಡದಾಗಿ ಬರೆದಳು. ಕೆಳಗೆ ಐದು ಪುಸ್ತಕ. ಪ್ರತಿ ಪುಸ್ತಕದ ಮುಂದೆ ಅದರ ಉದ್ದವನ್ನು ತನ್ನ ಓಣಿಯ ಅಳತೆಯಲ್ಲಿ ಕೊಟ್ಟಳು, ಏಕೆಂದರೆ ಅಲ್ಲಿನ ಹೆಂಗಸರು ಬೇಸಿಗೆಯಲ್ಲಿ ಪುಸ್ತಕ ಹಿಡಿಯುವುದು ಶ್ಯಾವಿಗೆ ಕಾಯುವಾಗಲೇ. ದೋಣಿಯ ಕಥೆ: ಮೂರು ಹಾಸು ಶ್ಯಾವಿಗೆ ಒಣಗುವುದರೊಳಗೆ ಮುಗಿಯುತ್ತದೆ, ಹಾಳೆ ಹೋದಲ್ಲಿ ನೀವೇ ಕಥೆ ಕಟ್ಟಿಕೊಳ್ಳಿ. ಹಾವುಗಳ ಚಿತ್ರದ ಪುಸ್ತಕ: ಅರ್ಧ ಹಾಸು, ಕೊಲ್ಲುವ ಮೊದಲು ಓದಿ. ಮರಾಠಿಯಿಂದ ಬಂದ ನರ್ಸಬಾಯಿಯ ಆತ್ಮಕಥೆ: ಐದು ಹಾಸು, ಮಕ್ಕಳು ಮಲಗಿದ ಮೇಲೆ. ರೈಲ್ವೆ ಗೇಟಿನವನ ದೆವ್ವದ ಕಥೆಗಳು: ಶ್ಯಾವಿಗೆ ಒಮ್ಮೆ ತಿರುವಿಹಾಕುವುದರೊಳಗೆ ಒಂದು ಕಥೆ. ಅಡುಗೆ ಪುಸ್ತಕ: ಉಪ್ಪಿನ ಲೆಕ್ಕ ನಂಬಬೇಡಿ, ಬರೆದ ರೀತಿ ಚೆನ್ನಾಗಿದೆ.

ಮಾಸ್ತರರು ಬಾಗಿಲಲ್ಲಿ ನಿಂತು ಕೊನೆಯ ಸಾಲಿನವರೆಗೆ ಓದಿದರು. "ಶ್ಯಾವಿಗಿ ಲೆಕ್ಕ ಬರೀಬಾರದಿತ್ತು. ಗ್ರಂಥಾಲಯಕ್ಕ ಶೋಭಿಸಂಗಿಲ್ಲ."

"ಅಳಸ್ರಿ. ನಾ ಮತ್ತ ಬರೀತೇನಿ."

ಅವರು ಅಳಿಸಲಿಲ್ಲ. "ನಾಳೆ ಶಾಲಿನ ಗತಿ ಏನು?" ಎಂದು ಕೇಳಿದರು.

"ಅವರಿಗೇ ಹಾಕ್ರಿ," ಎಂದಳು, ಗಂಡನ ಕಡೆ ಕೈ ಮಾಡಿ. "ಆರುನೂರ ನಲವತ್ತೆರಡು ಪುಸ್ತಕ ಹೊತ್ತಾರ. ಹೊತ್ತದ್ದಕ್ಕ ಹಾಕತೇವಿ, ಓದಿದ್ದಕ್ಕಲ್ಲ ಅಂತ ಮೈಕಿನಾಗ ಹೇಳಿ ಹಾಕ್ರಿ."

ಜೈರಾಮ ತಲೆಯಾಡಿಸಿದ. "ಅಷ್ಟಾದ್ರೂ ಖರೇನ ಐತಲ್ಲ," ಎಂದ.

ಅಂದಿನ ಖರ್ಚು: ಫೋಟೊ ಎಂಟು ಪ್ರತಿ, ಎಂಬತ್ತು ರೂಪಾಯಿ. ಆಧಾರ್ ಕಾರ್ಡಿನ ನಕಲು, ಎರಡು. ಠೇವಣಿ, ಇಪ್ಪತ್ತು. ಹಳಿಯಾಳದಲ್ಲಿ ಚಹಾ, ಹತ್ತು. ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ಟಿನ ದುಡ್ಡಿಲ್ಲ. ಒಟ್ಟು ನೂರ ಹನ್ನೆರಡು.