ಮಾವನ ಬಂದೂಕಿನ ಸಲಾಕಿ

ಮೊನ್ನೆ ಅಡಿಗೆಮನೆಗೆ ಸುಣ್ಣ ಬಳಿಸುವಾಗ ಒಲೆಯ ಹಿಂದೆ ಒಂದು ಸೊಟ್ಟ ಸಲಾಕಿ ಸಿಕ್ಕಿತು. ಹಳೇ ಕಬ್ಬಿಣ ಅಂತ ಹೊರಗೆ ಹಾಕಲು ಎತ್ತಿದೆ, ಕೈ ತಡೆಯಿತು. ನಿಮಗೆ ಅದು ಬರೀ ಕಬ್ಬಿಣ. ನನಗೆ ಅದು ನನ್ನ ಹೆಂಡತಿಯ ಅಪ್ಪನ, ಅಂದರೆ ನಮ್ಮ ಮಾವನ, ಬಂದೂಕಿನ ಸಲಾಕಿ. ನಳಿಗೆಯ ಬಾಯಿಂದ ಮದ್ದು ಸುರಿದು, ಗುಂಡು ಹಾಕಿ, ಈ ಸಲಾಕಿಯಿಂದ ಜಡಿದರೇನೇ ಆ ಬಂದೂಕು ಹಾರುತ್ತಿತ್ತು.

ಆಗ ಸ್ವಾತಂತ್ರ್ಯ ಬಂದು ಹತ್ತು ವರ್ಷವಾಗಿರಬೇಕು. ನನಗೆ ಲಗ್ನವಾದ ಹೊಸತು. ಸಂಕೇಶ್ವರದ ಬೆಲ್ಲದ ಅಂಗಡಿಯೊಂದರಲ್ಲಿ ಕಾರಕೂನ. ಪಗಾರ ಚಿಕ್ಕದು, ಗತ್ತು ದೊಡ್ಡದು. ಮಾವ ಘೋಡಗೇರಿಯವರು. ಅಡವಿಹಂದಿ ಹೊಡೆದು, ಖಂಡಕ್ಕೆ ಉಪ್ಪು ಅರಿಶಿಣ ಹಚ್ಚಿ ಒಣಗಿಸಿ, ಮಗಳಿಗೆಂದು ಒಂದು ಬುಟ್ಟಿ ಕಳಿಸಿದ್ದರು. ಅದನ್ನು ಕಂಡು ಬಾಜೂ ಮನೆಯವರು ನಮ್ಮ ಬಾಗಿಲಲ್ಲೇ ಮೂಗು ಮುಚ್ಚಿಕೊಂಡರು. ನನಗೆ ಮರ್ಯಾದೆ ಹೋದಂತಾಯಿತು. "ಇಂಥಾ ನಾರೂದನ್ನ ಯಾರ ತಿಂತಾರ!" ಎಂದು ಅವರಿಗೆ ಕೇಳುವಂತೆ ಕೂಗಿ ಬುಟ್ಟಿಯನ್ನು ಅಂಗಳಕ್ಕೆ ಒಗೆದೆ. ಹೆಂಡತಿ ಅಂಗಳಕ್ಕಿಳಿದಳು. ಒಂದೊಂದೇ ತುಂಡು ಆರಿಸಿ ಬುಟ್ಟಿಗೆ ಹಾಕಿಕೊಂಡು ತವರಿಗೆ ಹೊರಟೇಬಿಟ್ಟಳು.

ಮಳೆಗಾಲ ಮುಗಿದರೂ ಬರಲಿಲ್ಲ. ಒಲೆಯ ಮುಂದೆ ಕೈ ಸುಟ್ಟುಕೊಂಡು ಸಾಕಾಗಿ ನಾನೇ ಕರೆಯಲು ಹೋದೆ. ಮಾವ ಬೈಯಲಿಲ್ಲ, ಬೈದಿದ್ದರೆ ಚಲೋ ಇತ್ತು. ಮರುದಿನ ಬೆಳಿಗ್ಗೆ ಬಂದೂಕು ಕೈಗೆ ಕೊಟ್ಟು, "ಬರ್ರಿ ಅಳಿಯಂದ್ರ, ಕಬ್ಬಿನ್ಯಾಗ ಹಂದಿ ಹೊಕ್ಕೈತಿ. ಹೊಡೀರಿ, ಆಮ್ಯಾಲ ಮಗಳನ್ನ ಕಳಸೂ ಮಾತಾಡೂಣು," ಎಂದರು.

ದಾರಿಯುದ್ದಕ್ಕೂ ಖಂಡದ ಪಾಠ. ಮುದಿ ಗಂಡುಹಂದಿ ನಾರುತ್ತದಂತೆ, ಬೇಸಿಗೆಯದು ಬರೀ ನಾರಂತೆ. ಕಬ್ಬು, ಶೇಂಗಾ ತಿಂದು ಬಲಿತದ್ದಕ್ಕೆ ಮಾತ್ರ ತೊಗಲಿನ ಕೆಳಗೆ ಎರಡು ಬೆರಳು ಬಿಳೀ ಕೊಬ್ಬು. "ಹುಲ್ಲಿನ ಬೆಂಕ್ಯಾಗ ಕೂದಲಾ ಸುಡಬೇಕ್ರಿ, ತೊಗಲ ಸುಲೀಬಾರದು. ರುಚಿ ಎಲ್ಲಾ ಅದರಾಗ ಐತಿ." ನಾನು ಎಲ್ಲ ಗೊತ್ತಿದ್ದವನಂತೆ ಹೂಂ ಎಂದೆ. ಮದ್ದನ್ನೂ ನಾನೇ ತುಂಬುತ್ತೇನೆ ಎಂದೆ. ತುಂಬಿದೆ, ಜಡಿದೆ. ಅಷ್ಟರಲ್ಲಿ ಕಬ್ಬು ಅಲುಗಿ ಕರೀ ಬೆನ್ನೊಂದು ಕಂಡಿತು. ಕಣ್ಣು ಮುಚ್ಚಿ ಹಾರಿಸಿದೆ.

ಹೊಗೆ ಸರಿದಾಗ ಹಂದಿ ಇರಲಿಲ್ಲ. ಸಲಾಕಿಯೂ ಇರಲಿಲ್ಲ! ಜಡಿದ ಮೇಲೆ ಅದನ್ನು ನಳಿಗೆಯಿಂದ ತೆಗೆಯುವುದನ್ನೇ ಮರೆತಿದ್ದೆ ನೋಡ್ರಿ. ಗುಂಡಿನ ಕೂಡ ಅದೂ ಕಬ್ಬಿನೊಳಗೆ ಹಾರಿತ್ತು. ಅದಿಲ್ಲದೆ ಮತ್ತೆ ಮದ್ದು ತುಂಬುವಂತಿಲ್ಲ. ಮಧ್ಯಾಹ್ನದವರೆಗೆ ಇಬ್ಬರೂ ಕಬ್ಬಿನ ಒಣಗರಿಯ ರವದಿಯಲ್ಲಿ ತಡಕಾಡಿದೆವು, ಸಿಗಲಿಲ್ಲ. ಹೆಂಡತಿ ಇನ್ನು ನನ್ನ ಮನೆಗೆ ಬರುವುದಿಲ್ಲ ಎಂದುಕೊಂಡೆ.

ಬರಿಗೈಯಲ್ಲಿ ಮನೆಗೆ ಬಂದರೆ, ಅವಳು ಅದೇ ಬುಟ್ಟಿಯ ಖಂಡವನ್ನು ಖಾರ ಹಾಕಿ ಹುರಿದು, ಬಿಸಿ ರೊಟ್ಟಿಯ ಜೊತೆ ನನ್ನ ಮುಂದಿಟ್ಟಳು. ಉಂಡೆ. ಮತ್ತೆ ಬೇಡಿದೆ. ಮೂರನೇ ಸಲವೂ ಬೇಡಿದೆ.

"ಹ್ಯಾಂಗೈತ್ರಿ?" ಎಂದರು ಮಾವ.

"ತಪ್ಪಾತ್ರಿ ಮಾವಾರ. ಇಂಥಾ ರುಚಿ ನಾ ಜನ್ಮದಾಗ ಕಂಡಿಲ್ಲ."

ಮಾವ ಮಗಳ ಮುಖ ನೋಡಿದರು. ಅವಳು ಬಟ್ಟೆ ಗಂಟು ಕಟ್ಟಲು ಒಳಗೆ ಹೋದಳು. ಸಲಾಕಿ ಆ ಚಳಿಗಾಲ ಕಬ್ಬು ಕಡಿಯುವಾಗ ಸೊಟ್ಟಗಾಗಿ ಸಿಕ್ಕಿತು. ಮುಂದಿನ ಖಂಡದ ಬುಟ್ಟಿಯಲ್ಲಿ ಮಾವ ಅದನ್ನೂ ಇಟ್ಟು ಕಳಿಸಿದರು.

ಆದರೆ ಅಂದು ನಾನು ಆಡಿದ್ದರಲ್ಲಿ ಒಂದು ಸುಳ್ಳಿತ್ತು. ಆ ರುಚಿ ನನಗೆ ಮೊದಲೇ ಗೊತ್ತಿತ್ತು. ಬುಟ್ಟಿ ಬಂದ ದಿನ, ಅವಳು ನೀರಿಗೆ ಹೋದಾಗ, ನಾಲ್ಕು ತುಂಡು ಕೆಂಡದ ಮೇಲೆ ಸುಟ್ಟು ತಿಂದಿದ್ದೆ. ಬಾಜೂದವರು ಬಂದದ್ದು ಆಮೇಲೆ. ಇಷ್ಟು ವರ್ಷ ಬಾಯಿ ಬಿಡದವನು ಮೊನ್ನೆ ಸಲಾಕಿ ಹಿಡಿದುಕೊಂಡೇ ಅವಳಿಗೆ ಹೇಳಿದೆ.

"ಗೊತ್ತೈತ್ರಿ," ಎಂದಳು. "ಕೊಡಾ ಹೊತಗೊಂಡ ಬಾಗಲದಾಗ ನಿಂತ ನೋಡಿದ್ದೆ."

"ಮತ್ತ ಖಂಡ ನನಗ ಸೇರತೈತಿ ಅಂತ ಗೊತ್ತಿದ್ರ, ಸಿಟ್ಟಾಗಿ ಯಾಕ ಹ್ವಾದಿ?"

"ಸೇರದನ ಒಗದಿದ್ರ ನಾ ಯಾಕ ಹೋಗ್ತಿದ್ನಿ? ಬೆರಳ ನೆಕ್ಕಿದ ಕೈಲೇನ ಒಗದ್ರಲ್ಲ, ಅದಕ್ಕ ಹ್ವಾದ್ನಿ."

ನಾನು ಸಲಾಕಿ ಒರೆಸಿದೆ. ಒಲೆಯ ಹಿಂದೆ ಇಡಲಿಲ್ಲ. ಬಂದವರ ಕಣ್ಣಿಗೆ ಬೀಳುವಂತೆ ಪಡಸಾಲೆಯ ಗೋಡೆಗೆ ತೂಗುಹಾಕಿದೆ.