ಬಾಯಲ್ಲಿ ಪದವಿದ್ದಾಗ

ನಾನುಲಿಗೆ ಜಂಬ ಎಂದು ಇಟಲಿಯ ಬಾರಿ ಪಟ್ಟಣದ ನಮ್ಮ ಓಣಿಯೆಲ್ಲ ಆಡಿಕೊಂಡಿತು. ಜಾರ್ಜಿಯಾ ದೇಶದಿಂದ ಬಂದು ಮುದುಕಿ ಫಿಲೊಮೆನಾಳನ್ನು ನೋಡಿಕೊಳ್ಳುತ್ತಿದ್ದ ಹೆಂಗಸು ಅವಳು. ಯಾರಾದರೂ 'ಬೊಂಜೊರ್ನೊ' ಎಂದು ನಮಸ್ಕಾರ ಹೇಳಿದರೆ ತುಟಿ ಅಲ್ಲಾಡಿಸುತ್ತ ನೇರ ನಡೆದುಬಿಡುತ್ತಿದ್ದಳು. ನಮ್ಮಲ್ಲಿ ಕೋರ್ಟಿನಲ್ಲಿ ಕಿತ್ತಾಡುವವರೂ ದಾರಿಯಲ್ಲಿ ಸಿಕ್ಕರೆ ಬೊಂಜೊರ್ನೊ ತಪ್ಪಿಸುವುದಿಲ್ಲ.

ಒಂದು ದಿನ ನನ್ನ ತರಕಾರಿ ಅಂಗಡಿಗೆ ಬಂದವಳೇ 'ಪ್ರೆತ್ಸೆಮೊಲೊ' ಎಂದಳು. ನಾನು ಕೊಟ್ಟ ಪಾರ್ಸ್ಲಿ ಸೊಪ್ಪಿನ ಕಟ್ಟು ಮೂಸಿ, ಅದೇ ಪದ ಇನ್ನೊಮ್ಮೆ ಹೇಳಿ, ಆಮೇಲಷ್ಟೇ ನನಗೆ ಬೊಂಜೊರ್ನೊ. ಇನ್ನೊಂದು ದಿನ ನಾನು ಬೇಕೆಂದೇ ಮೊದಲು ಮಾತಿಗೆಳೆದೆ. 'ಚೆನ್ನಾಗಿದ್ದೀನಿ' ಎಂದಳು, ಅಷ್ಟಕ್ಕೇ ತಂದ ಪದ ಮರೆತಳು. ಬರಿಗೈಯಲ್ಲಿ ಹೋಗಿ ಮುದುಕಿಯನ್ನು ಕೇಳಿಕೊಂಡು ಬಂದು, ನನ್ನನ್ನು ಸುಟ್ಟುಬಿಡುವ ಹಾಗೆ ನೋಡಿದಳು. ಆ ಹೆಂಗಸು ನನಗೆ ಹಿಡಿಸಿದ್ದು ಆವತ್ತೇ.

ಕ್ಷೌರಿಕ ವಿತೊ ಮಾತ್ರ ಫಿಲೊಮೆನಾಳ ಮಗಳು ರೊಸಾನ್ನಾಳಿಗೆ ಚಾಡಿ ಹೇಳಿದ. ಭಾನುವಾರ ಚರ್ಚಿನ ಮೆಟ್ಟಿಲ ಮೇಲೆ ಅವಳು ಎಲ್ಲರೆದುರೇ ನಾನುಲಿಯನ್ನು ತಡೆದಳು.

"ಮರ್ಯಾದೆ ಗೊತ್ತಿಲ್ವಾ ನಿನಗೆ? ನಾಳೆಯಿಂದ ಎಲ್ಲರಿಗೂ ಬೊಂಜೊರ್ನೊ ಹೇಳ್ಬೇಕು. ಇಲ್ಲಾಂದ್ರೆ ಕೆಲಸಕ್ಕೆ ಬೇರೆಯವರನ್ನ ನೋಡ್ಕೋತೀನಿ."

"ಹೇಳಲ್ಲ," ಎಂದಳು ನಾನುಲಿ. "ನಿಮ್ಮಮ್ಮ ಹೊಸ ಇಟಾಲಿಯನ್ ಪದ ಕೊಟ್ಟು ಅಂಗಡಿಗೆ ಕಳಿಸ್ತಾರೆ. ಅದಿನ್ನೂ ಬಾಯಲ್ಲೇ ಇರುತ್ತೆ, ಹೇಳ್ಕೊಂಡೇ ಹೋದ್ರೆ ಉಳಿಯುತ್ತೆ. ನಡುವೆ ಇನ್ನೊಂದು ಮಾತಾಡಿದ್ರೆ ಬಿದ್ದೋಗುತ್ತೆ. ವಸ್ತು ಕೈಗೆ ಬಂದು, ಮೂಸಿ, ಮತ್ತೆ ಹೇಳಿದ್ಮೇಲೆ ಅದು ನಂದು."

"ಬರ್ಕೊಂಡು ಹೋಗು."

"ಬರೆದ್ರೆ ಚೀಟಿ ಕಲಿಯುತ್ತೆ. ನಾನಲ್ಲ."

"ಈ ವಯಸ್ಸಲ್ಲಿ ಅಷ್ಟೊಂದು ಕಲಿತು ಯಾರನ್ನ ಉದ್ಧಾರ ಮಾಡ್ಬೇಕು?"

"ನಿಮ್ಮಮ್ಮನಿಗೆ ನೋವು ಬಂದಾಗ ಹಿಂಡ್ತಾ ಇದೆಯಾ, ಚುಚ್ತಾ ಇದೆಯಾ ಅಂತ ಯಾರಾದ್ರೂ ಕೇಳ್ಬೇಕಲ್ಲ. ನೀವು ಕೇಳೋಕೆ ಬರ್ತೀರಾ?"

ನಾನುಲಿ ನಮ್ಮ ಕಡೆ ತಿರುಗಿದಳು.

"ಈಗ ಬಾಯಿ ಖಾಲಿ ಇದೆ, ತಗೊಳ್ಳಿ. ಬೊಂಜೊರ್ನೊ, ವಿತೊ."

ಆಮೇಲೆ ಮೆಟ್ಟಿಲ ಮೇಲಿದ್ದ ಒಬ್ಬೊಬ್ಬರನ್ನೂ ಹೆಸರು ಹಿಡಿದು ಮಾತನಾಡಿಸಿದಳು. ಮಕ್ಕಳ ಹೆಸರೂ ತಪ್ಪಲಿಲ್ಲ. ಅವಳ ಹೆಸರು ನಮ್ಮಲ್ಲಿ ಎಷ್ಟು ಜನಕ್ಕೆ ಬರುತ್ತಿತ್ತು? 'ಜಾರ್ಜಿಯಾದವಳು' ಎನ್ನುತ್ತಿದ್ದೆವು. ನನಗೆ ನಾಚಿಕೆಯಾಯಿತು.

ಕೆಲಸಕ್ಕೆ ಬೇರೆ ಯಾರೂ ಬರಲಿಲ್ಲ. ಸೋಮವಾರ ಬೆಳಿಗ್ಗೆ ನಾನುಲಿ ತುಟಿ ಅಲ್ಲಾಡಿಸುತ್ತ ಓಣಿಗಿಳಿದಳು. ವಿತೊ ಅಭ್ಯಾಸಬಲದಿಂದ ಬಾಯಿ ತೆರೆದ. ನಾನು ಕೈಲಿದ್ದ ಬದನೆಕಾಯಿಯನ್ನು ಎಸೆಯುವಂತೆ ಎತ್ತಿದೆ. ಅವನು ಬಾಯಿ ಮುಚ್ಚಿಕೊಂಡು ಗೋಡೆಗೆ ಸರಿದು ದಾರಿ ಬಿಟ್ಟ.